ಎಡಕ್ಕೆ ತಿರುಗಿ ಕೆಮ್ಮಿದ ಗಾಯಕರು

2003ರ ಜನವರಿಯ ಒಂದು ಭಾನುವಾರ, ಬೆಳಗಿನ ಉಪ್ಪಿಟ್ಟಿನ ಹೊತ್ತಿಗೆ, ಬಾಗಲಕೋಟೆಯ ನವನಗರದ ಡಾಕ್ಟರೊಬ್ಬರ ಮನೆಯಲ್ಲಿ ಹದಿನೆಂಟು ಕಿಲೋ ತೂಕದ ಆಂಪ್ಲಿಫೈಯರ್ ಒಂದರ ಎಡಭಾಗ ಹಾಡುವುದನ್ನು ನಿಲ್ಲಿಸಿತು. ಬಲಭಾಗ ಹಾಡುತ್ತಲೇ ಇತ್ತು. ಘಟನೆಯಲ್ಲಿ ಯಾರಿಗೂ ಪೆಟ್ಟಾಗಲಿಲ್ಲ. ಹೀಗಾಗಿ ಸುದ್ದಿ ಪತ್ರಿಕೆಯಲ್ಲಿ ಬರಲಿಲ್ಲ.

ಅದು ಈಗ ನೆನಪಾಗಲು ಕಾರಣ ಒಂದು ಕಿಸೆ ಪುಸ್ತಕ. ಕಳೆದ ತಿಂಗಳು ಮೇಜಿನ ಖಾನೆ ಖಾಲಿ ಮಾಡುತ್ತಿದ್ದೆ. ವರದಿಗಾರನ ಖಾನೆಯಲ್ಲಿ ಸಿಗುವಂಥವೇ ಸಿಕ್ಕವು: ರೀಫಿಲ್ ಇಲ್ಲದ ಪೆನ್ನುಗಳು, ಯಾವುದೋ ಉದ್ಘಾಟನೆಯ ಬ್ಯಾಡ್ಜು, ಕಾಗದಕ್ಕೆ ಅಂಟಿಕೊಂಡ ಗಂಟಲ ಗುಳಿಗೆ. ಪುಸ್ತಕದ ಒಂದು ಪುಟದಲ್ಲಿ ತಾಲ್ಲೂಕು ಪಂಚಾಯಿತಿ ಸಭೆಯ ಟಿಪ್ಪಣಿ ಇತ್ತು. ಇನ್ನೊಂದರಲ್ಲಿ ಮರೋಳದ ಏತ ನೀರಾವರಿ ನೋಡಲು ಹೋದಾಗ ಬರೆದುಕೊಂಡದ್ದು. ಇವೆರಡರ ನಡುವಿನ ಪುಟ ಹೀಗಿತ್ತು:

"ತಬಲಾ ಬಲಕ್ಕೆ. ತಂಬೂರಿ ಎರಡು, ಒಂದು ಹಿಂದೆ. ನಾಲ್ಕನೇ ನಿಮಿಷ: ಗಾಯಕರು ಎಡಕ್ಕೆ ತಿರುಗಿ ಕೆಮ್ಮಿದರು. ಆಮೇಲೆ ಯಾರೋ ಲೋಟ ಕೆಳಗಿಟ್ಟರು, ಹಿತ್ತಾಳೆಯದು."

ನನ್ನ ಹೆಂಡತಿ ಅದನ್ನು ಓದಿ, "ಯಾರ್ರಿ ಇವ್ರು? ಯಾವ ಕೇಸಿಂದು?" ಎಂದಳು.

"ಕೇಸಿಂದಲ್ಲ, ಸಂಗೀತದ್ದು."

"ಹಂಗಾದ್ರ ಹಾಡಿದ್ದ ಬಿಟ್ಟು ಕೆಮ್ಮಿದ್ದ ಯಾಕ ಬರದೀರಿ?"

ನ್ಯಾಯವಾದ ಪ್ರಶ್ನೆ. ಉತ್ತರ ಸ್ವಲ್ಪ ಉದ್ದವಿದೆ, ನೀವೂ ಕೇಳಿ.

ಆಗ ನಾನು ಒಂದು ದಿನಪತ್ರಿಕೆಯ ಬಾಗಲಕೋಟೆ ವರದಿಗಾರ. ಹುಬ್ಬಳ್ಳಿಯಲ್ಲಿ ಕೂತಿದ್ದ ನಮ್ಮ ಸುದ್ದಿ ಸಂಪಾದಕರಿಗೆ ವಿಶೇಷಣಗಳೆಂದರೆ ಆಗುತ್ತಿರಲಿಲ್ಲ. "ಭೀಕರ ಅಪಘಾತ" ಎಂದು ಬರೆದರೆ "ಭೀಕರ" ಹೊಡೆದು ಹಾಕಿ, ಗಾಡಿ ಎಷ್ಟು ದೂರ ಹೋಗಿ ಬಿದ್ದಿತ್ತು ಎಂದು ಫೋನಿನಲ್ಲಿ ಕೇಳುತ್ತಿದ್ದರು. ಕೆಲಸಕ್ಕೆ ಸೇರಿದ ದಿನ ಅವರು ನನಗೆ ಹೇಳಿದ್ದು ಇಷ್ಟೇ: "ಕಂಡದ್ದು, ಕೇಳಿದ್ದು ಬರೀರಿ. ನಿಮಗ ಹ್ಯಾಂಗ ಅನಿಸ್ತು ಅನ್ನೂದನ್ನ ನಿಮ್ಮ ಮನಿಯವ್ರ ಮುಂದ ಹೇಳ್ರಿ."

ಡಾಕ್ಟರ ಪರಿಚಯವಾದದ್ದು 1999ರಲ್ಲಿ. ಅವರು ಮೂಳೆ ವೈದ್ಯರು. ಅಣೆಕಟ್ಟಿನ ಹಿನ್ನೀರು ಬರುವ ಮುಂಚಿನ ಹಳೆಯ ಬಾಗಲಕೋಟೆಯಲ್ಲಿ, ಮೊಳ ದಪ್ಪದ ಮಣ್ಣಿನ ಗೋಡೆಗಳ ಮನೆಯಲ್ಲಿ ಇದ್ದರು. ದವಾಖಾನೆ ಮುಗಿದ ಮೇಲೆ ಒಳಗಿನ ಖೋಲಿಯ ಬಾಗಿಲು ಹಾಕಿಕೊಂಡು ಹಾಡು ಕೇಳುತ್ತಾರೆ, ಅದಕ್ಕಾಗಿ ಮುಂಬಯಿಯಿಂದ ಒಂದು ವಿದೇಶಿ ಯಂತ್ರ ತಂದಿದ್ದಾರೆ ಎಂದು ಯಾರೋ ಹೇಳಿದರು. ಭಾನುವಾರದ ಪುರವಣಿಗೆ ಒಂದು ಹವ್ಯಾಸದ ಅಂಕಣವಿತ್ತು. ಹೋದೆ.

ಯಂತ್ರವೆಂದರೆ ಇಂಟಿಗ್ರೇಟೆಡ್ ಸ್ಟಿರಿಯೊ ಆಂಪ್ಲಿಫೈಯರ್. ಹಾಡಿನ ಸಣ್ಣ ದನಿಯನ್ನು ತೆಗೆದುಕೊಳ್ಳುವ ಭಾಗ, ಅದನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕಳಿಸುವ ಭಾಗ ಎರಡೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಎಡಕ್ಕೊಂದು, ಬಲಕ್ಕೊಂದು ಸ್ಪೀಕರು. ಎಲ್ಲ ಸರಿಯಾಗಿದ್ದರೆ ಗಾಯಕರು ಎಡದ ಸ್ಪೀಕರಿನಲ್ಲೂ ಇರುವುದಿಲ್ಲ, ಬಲದ್ದರಲ್ಲೂ ಇರುವುದಿಲ್ಲ. ನಡುವೆ, ಏನೂ ಇಲ್ಲದ ಗೋಡೆಯ ಮುಂದೆ ಬಂದು ಕೂತಿರುತ್ತಾರೆ. ನಾನು ಮೊದಲ ಸಲ ಕೇಳಿದಾಗ ಎದ್ದು ಹೋಗಿ ಆ ಗೋಡೆಯನ್ನು ಮುಟ್ಟಿ ನೋಡಿದೆ. ಡಾಕ್ಟರು ನಗಲಿಲ್ಲ. ತಾವೂ ಹಾಗೇ ಮಾಡಿದ್ದರಂತೆ.

ಅವರಲ್ಲಿ ಇಂಗ್ಲಿಷ್ ಮ್ಯಾಗಝಿನ್ನುಗಳ ರಾಶಿ ಇತ್ತು. ಅವುಗಳ ಭಾಷೆಯನ್ನು ಕನ್ನಡಕ್ಕೆ ತಂದು ನನಗೆ ಕಲಿಸಲು ನೋಡಿದರು. "ಇದರ ದನಿ ಬೆಚ್ಚಗೈತಿ ನೋಡ್ರಿ" ಎಂದರು. ನಾನು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, "ಖರೆ ಐತ್ರಿ" ಎಂದೆ. ಅವರ ಮನೆಯ ಬೆಕ್ಕು ಆಗಲೇ ಇದನ್ನು ಕಂಡುಹಿಡಿದಿತ್ತು. ಚಳಿಗಾಲದಲ್ಲಿ ಅದರ ಜಾಗ ಅಲ್ಲೇ.

ಹುಮ್ಮಸ್ಸಿನಲ್ಲಿ ಮನೆಗೆ ಬಂದು ಬರೆದೆ: ಸುಮಧುರ, ಗಂಭೀರ, ಸ್ಫಟಿಕದಂತಹ ನಾದ. ಮರುದಿನ ಹುಬ್ಬಳ್ಳಿಯಿಂದ ಫೋನು ಬಂತು.

"ಸ್ಫಟಿಕ ಹಾಡೂದು ನೀವು ಯಾವಾಗರ ಕೇಳೀರೇನು?"

"ಇಲ್ರಿ ಸರ್."

"ಮತ್ತ?"

ಲೇಖನ ವಾಪಸು ಬಂತು. ಎರಡನೆಯ ಸಲ ಕಿಸೆ ಪುಸ್ತಕ ಹಿಡಿದು ಹೋದೆ. ಒಂದು ಸಂಗೀತ ಕಚೇರಿಯ ಸಿ.ಡಿ. ಹಾಕಿಸಿ, ನಗರಸಭೆಯ ಸಭೆಗೆ ಕೂತಂತೆ ಕೂತು, ಕೇಳಿದ್ದನ್ನಷ್ಟೇ ಬರೆದುಕೊಂಡೆ. ಯಾರು ಎಲ್ಲಿ ಕೂತಿದ್ದಾರೆ, ಯಾರು ಯಾವಾಗ ಏನು ಮಾಡಿದರು. ನೀವು ಮೇಲೆ ಓದಿದ ಪುಟ ಅದೇ. ಗಾಯಕರು ಕೆಮ್ಮುವ ಮುಂಚೆ ಮುಖವನ್ನು ಮೈಕಿನಿಂದ ಎಡಕ್ಕೆ ತಿರುಗಿಸಿದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಸಭ್ಯ ಮನುಷ್ಯರು. ಆದರೆ ಇದನ್ನು ಲೇಖನ ಮಾಡುವುದು ಹೇಗೆಂದು ತಿಳಿಯಲಿಲ್ಲ. ಲೇಖನ ಹಾಗೇ ಉಳಿಯಿತು.

ದನಿಯನ್ನು ಬಣ್ಣಿಸುವ ವಿಷಯದಲ್ಲಿ ನಾನು ಕಂಡ ಅತ್ಯಂತ ಶಿಸ್ತಿನ ಮನುಷ್ಯ ಕುಳಗೇರಿ ಕ್ರಾಸಿನ ಒಬ್ಬ ಹೋಟೆಲಿನವರು. ಹುಬ್ಬಳ್ಳಿಗೆ ಹೋಗಿ ಬರುವಾಗ ಅಲ್ಲಿ ಚಹಾ ಕುಡಿಯುವ ರೂಢಿ ಇತ್ತು. ಗಲ್ಲಾದ ಮೇಲೆ ಅವರದೊಂದು ಆಂಪ್ಲಿಫೈಯರು. ಮುಂದೆ ಕೆಂಪು ಹಸಿರು ದೀಪಗಳು ಹಾಡಿನ ಜೊತೆ ಏರಿಳಿಯುತ್ತಿದ್ದವು. "ಹ್ಯಾಂಗೈತ್ರಿ ನಿಮ್ಮ ಸೆಟ್ಟು?" ಎಂದು ಕೇಳಿದೆ. ಅವರು ಬಾಯಿಮಾತಿನಲ್ಲಿ ಏನೂ ಹೇಳಲಿಲ್ಲ. ನನ್ನ ಮುಂದಿನ ಚಹಾದ ಗ್ಲಾಸಿನ ಕಡೆ ಬೆರಳು ತೋರಿಸಿದರು. ಚಹಾದ ಮೇಲೆ ಸಣ್ಣ ಸಣ್ಣ ಉಂಗುರಗಳು ಏಳುತ್ತಿದ್ದವು. ನಮ್ಮ ಸುದ್ದಿ ಸಂಪಾದಕರಿಗೆ ಆ ಮನುಷ್ಯನನ್ನು ಭೇಟಿ ಮಾಡಿಸಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಬದಾಮಿಯಲ್ಲಿ ಡಾಕ್ಟರೇ ನನಗೆ ಒಂದು ಪಾಠ ಮಾಡಿದ್ದುಂಟು. ಹೊಂಡದ ದಂಡೆಯಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರು. ಸದ್ದು ಮೊದಲು ಒಂದು ಕಡೆಯ ಬಂಡೆಯಿಂದ, ಆಮೇಲೆ ಇನ್ನೊಂದು ಕಡೆಯಿಂದ ತಿರುಗಿ ಬಂತು. "ಈ ಅಂತರ ತೋರಿಸೋದ ಒಳ್ಳೆ ಆಂಪ್ಲಿಫೈಯರಿನ ಕೆಲಸ" ಎಂದರು. ಇನ್ನೊಮ್ಮೆ ತಟ್ಟಿದಾಗ ಮಂಗವೊಂದು ಕರೆದರೆಂದು ತಿಳಿದು ಬಂದು, ಅವರ ಕೈಚೀಲದ ಬಾಳೆಹಣ್ಣು ಒಯ್ದಿತು. ಪಾಠ ಅಲ್ಲಿಗೆ ಮುಗಿಯಿತು.

ಇರಲಿ. ಹಳೆಯ ಊರಿನ ಮನೆ ನೀರಿಗೆ ಹೋಗಿ ಡಾಕ್ಟರು ನವನಗರಕ್ಕೆ ಬಂದರು. ಹೊಸ ಮನೆಯಲ್ಲಿ ಗೋಡೆಗೆ ಗಿಲಾವು ಮಾಡಿಸಿ, ಹಾಲಿಗೆ ಜಮಖಾನೆ ಹಾಸಿ, ತಿಂಗಳುಗಟ್ಟಲೆ ಸ್ಪೀಕರುಗಳನ್ನು ಆಚೀಚೆ ಸರಿಸಿ ಗಾಯಕರನ್ನು ಮತ್ತೆ ನಡುವೆ ಕೂಡಿಸಿದ್ದರು. ಆಗಲೇ ಆ ಭಾನುವಾರ ಬಂತು, ಎಡಭಾಗ ಹೋಯಿತು.

ಯಂತ್ರವನ್ನು ಬಿಚ್ಚುವವರು ಈ ಕಡೆ ಯಾರೂ ಇರಲಿಲ್ಲ. ನವನಗರದಲ್ಲಿ ಮಹಾಂತೇಶ ಎಂಬವರ ಟಿ.ವಿ., ಟೇಪ್‌ರೆಕಾರ್ಡರ್ ಅಂಗಡಿ ಇತ್ತು. ಅವರು ಬಂದು ನೋಡಿ, "ಇದು ಮುಂಬಯಿಗೇ ಹೋಗಬೇಕ್ರಿ" ಎಂದರು. ನಾನು ನಡುವೆ ಬಾಯಿ ಹಾಕಿ ಶ್ರೀಶೈಲನ ಹೆಸರು ಹೇಳಿದೆ.

ಶ್ರೀಶೈಲ ಇಳಕಲ್ಲಿನವನು, ನಮ್ಮ ಓಣಿಯವನೇ. ನಮ್ಮದೂ ಅವರದೂ ನೇಕಾರರ ಮನೆಗಳು. ನಮ್ಮ ಮನೆಯಲ್ಲಿ ನಾನು ಪತ್ರಿಕೆ ಸೇರಿದೆ. ಅವರ ಮನೆಯಲ್ಲಿ ಅವನು ಸೋಲ್ಡರ್ ಹಿಡಿದ. ಮೂವತ್ತರ ಆಸುಪಾಸು, ಮದುವೆಯಾಗಿ ಒಂದು ಮಗು. ಬಸ್ ಸ್ಟ್ಯಾಂಡ್ ಹತ್ತಿರದ ಗೂಡಿನಂಥ ಅಂಗಡಿಯಲ್ಲಿ ಟ್ರ್ಯಾಕ್ಟರಿನ ಟೇಪು, ಬ್ಯಾಂಡಿನವರ ಮೈಕ್ ಸೆಟ್ಟು ರಿಪೇರಿ ಮಾಡುತ್ತಿದ್ದ. ಅವನ ತಂದೆ ನಾಗಪ್ಪಕಾಕಾ ಕುಣಿಮಗ್ಗದಲ್ಲಿ ಸೀರೆ ನೇಯುವವರು. ಮಗನ ಕೆಲಸದ ಬಗ್ಗೆ ಅವರಿಗೆ ಒಂದೇ ತಕರಾರು. "ಮಗ್ಗದಾಗ ಕೂತಾಂವ ಸಂಜೀಕ ಇಷ್ಟು ನೇಯ್ದೇನಿ ಅಂತ ಬಟ್ಟಿ ತೋರಸ್ತಾನ. ನೀ ಏನ್ ತೋರಸ್ತೀಲೇ? ಹೊಗಿ?"

ಮಹಾಂತೇಶ ಯೋಚಿಸಿ ಒಂದು ಮಾತು ಕೊಟ್ಟರು. ಅಂಗಡಿಯ ಹಿಂದಿನ ಖೋಲಿ ಖಾಲಿ ಇದೆ. ರಿಪೇರಿಗೆ ಬರುವ ಸಾಮಾನೆಲ್ಲ ಈಗ ಹುಬ್ಬಳ್ಳಿಗೆ ಹೋಗುತ್ತಿದೆ. ಈ ಯಂತ್ರ ಮೊದಲಿನ ಹಾಗೆ ಹಾಡಿ, ಡಾಕ್ಟರು ಹೂಂ ಅಂದರೆ ಖೋಲಿಯೂ ರಿಪೇರಿ ಕೆಲಸವೂ ಶ್ರೀಶೈಲನಿಗೆ. ಈ ಮಾತು ಇಳಕಲ್ಲಿಗೆ ಮುಟ್ಟಿದಾಗ ನಾಗಪ್ಪಕಾಕಾ ಇನ್ನೊಂದು ಮಾತು ಸೇರಿಸಿದರು: "ಡಾಕ್ಟ್ರು ಹೂಂ ಅನ್ನಲಿಲ್ಲಂದ್ರ ಸೋಮಾರದಿಂದ ಮಗ್ಗ. ಅರ್ಧಕ್ಕ ನಿಂತ ಸೀರಿ ಐತಿ."

"ಆತು" ಎಂದ ಶ್ರೀಶೈಲ. ಅವನು ಅಷ್ಟು ಬೇಗ ಒಪ್ಪಿದ್ದು ನನಗೆ ಹೆದರಿಕೆ ತಂದಿತು. ಹೆಸರು ಹೇಳಿದವನು ನಾನು.

ಯಂತ್ರವನ್ನು ಎರಡು ಕೌದಿಗಳಲ್ಲಿ ಸುತ್ತಿ ಶ್ರೀಶೈಲನೂ ನಾನೂ ಬಸ್ಸಿನಲ್ಲಿ ಇಳಕಲ್ಲಿಗೆ ಒಯ್ದೆವು. ತೊಡೆಯ ಮೇಲೆ ಇಟ್ಟುಕೊಂಡದ್ದರಿಂದ ಹುನಗುಂದ ಬರುವ ಹೊತ್ತಿಗೆ ನನ್ನ ಕಾಲುಗಳು ಇವೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಕಂಡಕ್ಟರು ಕೌದಿಯ ಮೂಲೆ ಎತ್ತಿ ನೋಡಿದರು.

"ಏನೈತ್ರಿ ಇದರಾಗ?"

"ಹಾಡೂ ಪೆಟಿಗಿ."

"ಹಾಡ್ತೈತೇನು?"

"ಸದ್ಯ ಅರ್ಧ ಹಾಡ್ತೈತ್ರಿ."

"ಹಂಗಾದ್ರ ಅರ್ಧ ಟಿಕೀಟು ತಗೋರಿ" ಎಂದು ಮುಂದೆ ಹೋದರು.

ಶ್ರೀಶೈಲನ ಕೆಲಸ ಮೂರು ವಾರ ನಡೆಯಿತು. ಹಾಲಿನ ಡಬ್ಬಿಯಷ್ಟು ದಪ್ಪದ ಕೆಪ್ಯಾಸಿಟರ್ ಎರಡು ಒಣಗಿದ್ದವು. ಎಡಗಡೆಯ ಟ್ರಾನ್ಸಿಸ್ಟರುಗಳು ಸುಟ್ಟಿದ್ದವು. ಮುಂಬಯಿಯಿಂದ ಸಾಮಾನು ತರಿಸಿದ. ಟ್ರಾನ್ಸಿಸ್ಟರುಗಳನ್ನು ಅವನು ಜೋಡಿ ಮಾಡುವ ರೀತಿ ನೋಡಬೇಕಿತ್ತು. ಬಣ್ಣ ಹಾಕಿದ ನೂಲಿನ ಎರಡು ಲಡಿಗಳನ್ನು ಅವರಪ್ಪ ಅಂಗಳಕ್ಕೆ ತಂದು, ಒಂದೇ ಬೆಳಕಿನಲ್ಲಿ ಪಕ್ಕಪಕ್ಕ ಹಿಡಿದು, ಕೂದಲೆಳೆ ವ್ಯತ್ಯಾಸವಿದ್ದರೂ ಬದಿಗಿಡುತ್ತಿದ್ದರು. ಇವನೂ ಹಾಗೆಯೇ. ಮೀಟರಿನಲ್ಲಿ ಒಂದೊಂದನ್ನೇ ಅಳೆದು, ಕರೆಂಟು ಸರಿಯಾಗಿರುವ ಮಧ್ಯಾಹ್ನದ ಹೊತ್ತಿನಲ್ಲೇ ಅಳೆದು, ಎಡ ಬಲಕ್ಕೆ ಅವಳಿ ಸಿಗುವವರೆಗೆ ಇಡೀ ಕಟ್ಟನ್ನು ಹುಡುಕಿದ. ಅಂಗಡಿಯ ಸ್ಪೀಕರಿಗೆ ಹಚ್ಚಿದಾಗ ಯಂತ್ರ ಎರಡೂ ಕಡೆ ಹಾಡಿತು. ಕೊನೆಯ ತೀರ್ಪು ಮಾತ್ರ ಡಾಕ್ಟರ ಮನೆಯಲ್ಲಿ, ಡಾಕ್ಟರ ಸ್ಪೀಕರಿನಲ್ಲಿ.

ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ಎಲ್ಲರೂ ಸೇರಿದೆವು. ಡಾಕ್ಟರು, ಮಹಾಂತೇಶ, ಶ್ರೀಶೈಲ, ನಾನು. ನಾಗಪ್ಪಕಾಕಾ ಕೂಡ ಬಂದಿದ್ದರು. ಹಾಡಿಗಲ್ಲ, ಮಂಡಿ ತೋರಿಸಲು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನಲವತ್ತು ವರ್ಷ ತುಳಿದ ಮಂಡಿ. "ಮೊದಲ ಅದು ಮುಗೀಲಿ, ಆಮ್ಯಾಲ ಇದು" ಎಂದು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರು.

ಸ್ಪೀಕರುಗಳ ಹಿಂದೆ ತಂತಿ ಕಟ್ಟಬೇಕಿತ್ತು. ಗೋಡೆಗೂ ಸ್ಪೀಕರಿಗೂ ನಡುವೆ ಜಾಗ ಕಡಿಮೆ. ನಾನೇ ತೆಳ್ಳಗಿದ್ದವನು, ತೂರಿಕೊಂಡೆ. ಎಡದ ಸ್ಪೀಕರಿಗೆ ಶ್ರೀಶೈಲ ಹೇಳಿದ ಹಾಗೆ ಕಟ್ಟಿದೆ. ಬಲದ್ದಕ್ಕೆ ಹೋದಾಗ ಡಾಕ್ಟರು ನಗರಸಭೆಯ ನೀರಿನ ವಿಷಯ ತೆಗೆದರು. ಮಾತಾಡುತ್ತಲೇ ಅದನ್ನೂ ಕಟ್ಟಿ ಹೊರಗೆ ಬಂದು ಕೈ ಝಾಡಿಸಿಕೊಂಡೆ.

ಸಿ.ಡಿ. ಶುರುವಾಯಿತು. ಮೊದಲ ನಿಮಿಷಕ್ಕೇ ಡಾಕ್ಟರ ಹುಬ್ಬು ಗಂಟಿಕ್ಕಿತು.

ಹಾಡು ಬರುತ್ತಿತ್ತು, ಆದರೆ ಎಲ್ಲಿಂದ ಎಂದು ಹೇಳಲಾಗುತ್ತಿರಲಿಲ್ಲ. ನಡುವೆ ಯಾರೂ ಇರಲಿಲ್ಲ. ತಬಲಾದ ಡಗ್ಗಾ ಒಣಗಿದ ಕುಂಬಳಕಾಯಿ ಬಡಿದಂತೆ ಕೇಳುತ್ತಿತ್ತು. ನಾನು ಆ ದಿನಕ್ಕೆಂದೇ ತಂದಿದ್ದ ಹಳೆಯ ಕಿಸೆ ಪುಸ್ತಕ ತೆಗೆದು ನಾಲ್ಕನೇ ನಿಮಿಷಕ್ಕೆ ಕಾದೆ. ಕೆಮ್ಮು ಬಂತು. ಎಡಕ್ಕಲ್ಲ, ಬಲಕ್ಕಲ್ಲ, ನನ್ನ ತಲೆಯ ಹಿಂದಿನಿಂದ ಬಂದಂತಿತ್ತು.

"ಮಷೀನು ಬದುಕೇತಿ" ಎಂದರು ಡಾಕ್ಟರು, ಪೇಶಂಟಿನ ಮನೆಯವರಿಗೆ ಹೇಳುವ ಸ್ವರದಲ್ಲಿ. "ಹಾಡೂ ಮನಶ್ಯಾ ಹೋಗ್ಯಾನ."

ಶ್ರೀಶೈಲ ನನ್ನ ಕಡೆ ತಿರುಗಿದ. "ಅಣ್ಣಾ, ತಂತಿ ಸರಿ ಹಚ್ಚೀಯಲ್ಲ?" ಎಂದು ನನ್ನನ್ನು ಕೇಳಿದ.

"ನಾನ ಹಚ್ಚೇನಿ" ಎಂದೆ, ಪ್ರತ್ಯಕ್ಷದರ್ಶಿಯ ಗತ್ತಿನಲ್ಲಿ. ಅವನು ಮತ್ತೆ ಕೇಳಲಿಲ್ಲ. ಓಣಿಯಲ್ಲಿ ನನ್ನ ಮಾತಿಗೆ ಆ ಬೆಲೆ ಇತ್ತು, ಪೇಪರಿನವನೆಂದು.

ಮುಂದಿನ ಒಂದು ಗಂಟೆ ಅವನು ಯಂತ್ರದ ಮುಚ್ಚಳ ತೆಗೆದು ತನ್ನದೇ ಕೆಲಸದಲ್ಲಿ ತಪ್ಪು ಹುಡುಕಿದ. ಮೀಟರು ಎಲ್ಲೂ ತಪ್ಪು ತೋರಿಸಲಿಲ್ಲ. ಮಹಾಂತೇಶ ಎರಡು ಸಲ ಕೈಗಡಿಯಾರ ನೋಡಿಕೊಂಡು, "ಪಾಪ, ಹುಡುಗ ಪ್ರಯತ್ನ ಅಂತೂ ಮಾಡ್ಯಾನ್ರಿ" ಎಂದರು. ಅದು ಬೀಳ್ಕೊಡುಗೆಯ ಮಾತಿನಂತಿತ್ತು. ಡಾಕ್ಟರು ಬೇಸರದಲ್ಲಿ ಸಿ.ಡಿ. ತೆಗೆದು ಒಂದು ಡೊಳ್ಳಿನ ಕ್ಯಾಸೆಟ್ ಹಾಕಿದರು. ಹುನಗುಂದ ಕಡೆಯ ಬೀರಪ್ಪನ ಭಕ್ತರು ಬಾರಿಸಿದ್ದು. ಹಿಂದೆ ಆ ಡೊಳ್ಳಿಗೆ ಕಿಟಕಿಯ ಗಾಜು ಅದುರುತ್ತಿತ್ತಂತೆ. ಈಗ ಜಮಖಾನೆಯ ಧೂಳೂ ಏಳಲಿಲ್ಲ.

ಆಗ ನಾಗಪ್ಪಕಾಕಾ ಕುರ್ಚಿಯಿಂದ ಎದ್ದರು. ಮಂಡಿ ಹಿಡಿದುಕೊಂಡು ಸ್ಪೀಕರಿನ ಹತ್ತಿರ ಹೋಗಿ, "ಈ ಅರಿವಿ ತಗೀರಿ, ಒಳಗ ಏನೈತಿ ನೋಡೂಣು" ಎಂದರು. ಮುಂದಿನ ಬಟ್ಟೆಯ ಚೌಕಟ್ಟು ತೆಗೆದಾಗ ತಟ್ಟೆಯಷ್ಟು ಅಗಲದ ಕಪ್ಪು ಕಾಗದ ಡೊಳ್ಳಿಗೆ ಸರಿಯಾಗಿ ನಡುಗುತ್ತಿತ್ತು. ಅದರ ಅಂಚಿಗೆ ಬೆರಳು ತಾಗಿಸಿದರು. ಕಣ್ಣು ಮುಚ್ಚಿ, ಕಾಲಲ್ಲಿ ತಾಳ ಹಾಕಿದರು. ಇನ್ನೊಂದು ಸ್ಪೀಕರಿಗೆ ಹೋಗಿ ಅದನ್ನೂ ಹಾಗೇ ಮುಟ್ಟಿದರು. ಮತ್ತೆ ಮೊದಲನೆಯದಕ್ಕೆ ಬಂದರು.

"ಲೇ ಶ್ರೀಶೈಲ, ಡೊಳ್ಳಿನ ಏಟು ಬಿದ್ದಾಗ ಇದು ಹೊರಗ ಬರತೈತಿ. ಅದು ಒಳಗ ಹೋಗತೈತಿ. ಮಗ್ಗದಾಗ ಒಂದು ಏರಿದ್ರ ಒಂದು ಇಳೀಬೇಕು, ಖರೆ. ಇದರಾಗೂ ಹಂಗ ಇರಬೇಕೇನು?"

ಶ್ರೀಶೈಲ ಚಟ್ಟನೆ ಎದ್ದ. ಟಾರ್ಚಿನಿಂದ ಸೆಲ್ ತೆಗೆದ. ಯಂತ್ರದ ಕಡೆಯ ತಂತಿ ಬಿಚ್ಚಿ, ಎಡದ ಜೋಡಿಗೆ ಸೆಲ್ ಮುಟ್ಟಿಸಿದ. ಕಪ್ಪು ಕಾಗದ ಟಪ್ ಎಂದು ಹೊರಗೆ ಬಂತು. ಬಲದ ಜೋಡಿಗೆ ಮುಟ್ಟಿಸಿದ. ಒಳಗೆ ಹೋಯಿತು.

"ಅಣ್ಣಾ" ಎಂದ, ಮೆಲ್ಲಗೆ. "ಬಲಕ್ಕ ಒಂದೀಟು ನೋಡ್ತೀಯೇನು?"

ಮತ್ತೆ ತೂರಿಕೊಂಡೆ. ಎಡದ ಸ್ಪೀಕರಿನಲ್ಲಿ ಕೆಂಪು ತಿರುಪಿಗೆ ಕೆಂಪು ತಂತಿ, ಕಪ್ಪಿಗೆ ಕಪ್ಪು. ಬಲದ್ದರಲ್ಲಿ ಕೆಂಪು ತಿರುಪಿಗೆ ಕಪ್ಪು ತಂತಿ, ಕಪ್ಪು ತಿರುಪಿಗೆ ಕೆಂಪು. ಒಂದು ಸ್ಪೀಕರು ಹೊರಗೆ ತಳ್ಳಿದ ದನಿಯನ್ನು ಇನ್ನೊಂದು ಒಳಗೆ ಎಳೆದುಕೊಳ್ಳುತ್ತಿತ್ತು. ಗಂಟು ಅಚ್ಚುಕಟ್ಟಾಗಿತ್ತು. ನನ್ನದೇ ಕೈ.

ಇದು ಹೇಗಾಯಿತು ಎಂದು ಹೇಳಲು ನಮ್ಮ ಮನೆಯ ಪಡಸಾಲೆಗೆ ಹೋಗಬೇಕು. ಉದ್ದಕ್ಕೆ ಹೋಗುವ ಎಳೆ ಹಾಸು, ಅಡ್ಡಕ್ಕೆ ಹೋಗುವುದು ಹೊಕ್ಕು. ಇಳಕಲ್ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ನಮ್ಮಲ್ಲಿ ಹೆಚ್ಚಾಗಿ ನೇಯುತ್ತಿದ್ದದ್ದು ಕಪ್ಪು ಮೈ, ಕೆಂಪು ಸೆರಗು. ಎರಡೂ ಸೇರುವಲ್ಲಿ ಒಂದೊಂದು ಎಳೆಗೂ ಕುಣಿಕೆ ಹಾಕಿ ಕೂಡಿಸಬೇಕು. ಅದಕ್ಕೆ ಕೊಂಡಿ ಎನ್ನುತ್ತಾರೆ. ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿ ಕೊಂಡಿ ಹಾಕುವಾಗ ಎಳೆ ಆರಿಸಿ ಕೊಡುವ ಕೆಲಸ ನನ್ನದಾಗಿತ್ತು, ಸಾಲೆಯ ರಜೆ ಪೂರ್ತಿ. ಆಯಿಯ ಬೆರಳುಗಳಿಗೆ ಸೀಗೆಕಾಯಿ ಮತ್ತು ಗಂಜಿಯ ವಾಸನೆ. ನಾನು ಒಮ್ಮೆ ಜಾಣತನ ಮಾಡಿ ಕೆಂಪಿಗೆ ಕೆಂಪು ಎಳೆ ಕೊಟ್ಟಾಗ ಕೈ ಮೇಲೆ ಮೆಲ್ಲಗೆ ಹೊಡೆದು ಹೇಳಿದ್ದಳು: "ಕೆಂಪಿಗಿ ಕಪ್ಪು, ತಮ್ಮಾ. ಕೆಂಪಿಗಿ ಕೆಂಪಽ ಕೂಡಿಸಿಕೋತ ಹೋದ್ರ ಸೀರಿ ಎಲ್ಲಿಂದ ಬರಬೇಕು?" ಆ ಪಾಠ ಎಷ್ಟು ಚೆನ್ನಾಗಿ ಕೂತಿತ್ತೆಂದರೆ, ಇಪ್ಪತ್ತೈದು ವರ್ಷಗಳ ನಂತರ ನಾನು ನಗರಸಭೆಯ ನೀರಿನ ಬಗ್ಗೆ ಮಾತಾಡುತ್ತಿದ್ದಾಗ ಕೈ ತನ್ನ ಪಾಡಿಗೆ ಆಯಿಯ ಮಾತು ಕೇಳಿತ್ತು.

ಸ್ಪೀಕರಿನ ಹಿಂದಿನಿಂದಲೇ ಹೇಳಿದೆ: "ಕೆಂಪಿಗೆ ಕಪ್ಪು ಕೂಡಿಸೇನಿ."

ನಾಗಪ್ಪಕಾಕಾಗೆ ಅಷ್ಟೇ ಸಾಕಾಯಿತು. ಅವರು ನಕ್ಕ ನಗೆಗೆ ಒಳಗಿಂದ ಡಾಕ್ಟರ ಮನೆಯವರು ಬಂದು ನೋಡಿದರು. "ಕೊಂಡಿ ಹಾಕ್ಯಾನ್ರಿ" ಎಂದು ಅವರಿಗೆ ವಿವರಿಸಿದರು. "ಪೇಪರ್ ಸೇರಿದ್ರೇನು, ನೇಕಾರ ಸತ್ತಿಲ್ಲ." ಡಾಕ್ಟರಿಗೆ ತಿಳಿಯಲಿಲ್ಲ. ಅವರು ಬಾಗಲಕೋಟೆಯವರು. ಮಹಾಂತೇಶ ನನ್ನ ಕಡೆ ನೋಡಿ, "ಒಂದು ತಾಸು ಆ ಹುಡುಗನ ಹೊಟ್ಟಿ ಉರಸೀರಲ್ರಿ ವರದಿಗಾರ್ರ" ಎಂದರು. ನಾನು ಒಪ್ಪಿಕೊಂಡೆ. ಅದು ವರದಿಗೆ ಹೊಂದುವ ವಾಕ್ಯವಾಗಿತ್ತು.

ತಂತಿ ಬದಲಿಸಿದ್ದು ಶ್ರೀಶೈಲನೇ. ನನ್ನನ್ನು ಹತ್ತಿರ ಬಿಡಲಿಲ್ಲ.

ಮತ್ತೆ ಆ ಸಿ.ಡಿ. ತಂಬೂರಿ ಶುರುವಾಯಿತು, ಎರಡು, ಒಂದು ಹಿಂದೆ. ತಬಲಾ ಬಲಕ್ಕೆ ಬಂದು ಕೂತಿತು. ಡಗ್ಗಾ ಹೊಟ್ಟೆಯೊಳಗೆ ತಾಗಿತು. ಗಾಯಕರು ನಡುವಿನ ಗೋಡೆಯ ಮುಂದೆ, ನೆಲದಿಂದ ಒಂದು ಗೇಣು ಎತ್ತರದ ಜಮಖಾನೆಯ ಮೇಲೆಂಬಂತೆ ಕೂತು ಸ್ವರ ಹಚ್ಚಿದರು. ನಾನು ಪುಸ್ತಕ ತೆರೆದು ಹಿಡಿದೆ. ಮೂರನೇ ನಿಮಿಷ ಮುಗಿಯಿತು. ಶ್ರೀಶೈಲ ಗಾಯಕರ ಗಂಟಲನ್ನು ನೋಡುವವನ ಹಾಗೆ ಗೋಡೆಯನ್ನು ನೋಡುತ್ತಿದ್ದ.

ಅವರು ಎಡಕ್ಕೆ ತಿರುಗಿ ಕೆಮ್ಮಿದರು.

ಯಾರ ಕೆಮ್ಮಿಗೂ ಐದು ಜನ ಅಷ್ಟು ಸಂತೋಷಪಟ್ಟದ್ದನ್ನು ನಾನು ಕಂಡಿಲ್ಲ. ಆಮೇಲೆ ಲೋಟ ಕೆಳಗಿಟ್ಟ ಸದ್ದು, ಹಿತ್ತಾಳೆಯದು. ಅದರ ಬೆನ್ನಿಗೇ ಪುಸ್ತಕದಲ್ಲಿ ಇಲ್ಲದ ಒಂದು ಸಂಗತಿ: ಬಲಗಡೆ, ತಬಲಾದವರಿಗಿಂತ ಹಿಂದೆ, ಯಾರೋ ಬಹಳ ಮೆಲ್ಲಗೆ "ವಾಹ್" ಎಂದರು. ಡಾಕ್ಟರು ರಿಮೋಟು ಹಿಡಿದು ಹಾಡನ್ನು ಹಿಂದಕ್ಕೆ ಒಯ್ದರು. ಮತ್ತೆ ಕೇಳಿದರು. ಮೂರು ಸಲ ಕೇಳಿದರು.

"ಇದು ಮೊದಲಿದ್ದಿಲ್ಲ" ಎಂದರು.

"ಇತ್ರಿ" ಎಂದ ಶ್ರೀಶೈಲ. "ಕೆಪ್ಯಾಸಿಟರು ಮೊದಲಿಂದಽ ಒಣಗಾಕತ್ತಿದ್ದವು. ಗುಂಯ್ ಅನ್ನೂದರಾಗ ಮುಚ್ಚಿಹೋಗಿತ್ತು. ಆ ಮನಶ್ಯಾ ಅಲ್ಲೇ ಕೂತಿದ್ದ."

ಡಾಕ್ಟರು ರಿಮೋಟು ಕೆಳಗಿಟ್ಟರು. ಆಮೇಲೆ ಮಹಾಂತೇಶರ ಕಡೆ ತಿರುಗಿ, "ಹೂಂ" ಎಂದರು.

ಮಹಾಂತೇಶ ಕಿಸೆಯಿಂದ ಖೋಲಿಯ ಕೀಲಿಕೈ ತೆಗೆದು ಟೀಪಾಯಿಯ ಮೇಲಿಟ್ಟರು. ತಂದೇ ಇದ್ದರು. ಶ್ರೀಶೈಲ ಅದನ್ನು ಎತ್ತಿಕೊಳ್ಳದೆ ಅಪ್ಪನ ಕಡೆ ನೋಡಿದ. ನಾಗಪ್ಪಕಾಕಾ ಇನ್ನೂ ಹಾಡು ಕೇಳುತ್ತಿದ್ದರು. ಇಂಥ ಯಂತ್ರದ ದನಿ ಹೇಗಿರುತ್ತದೆ ಎಂದು ನಾಲ್ಕು ವರ್ಷದಿಂದ ಬರೆಯಲಾಗದೆ ಕೂತಿದ್ದ ನಾನು ಅವರನ್ನೇ ಕೇಳಿದೆ.

"ಹ್ಯಾಂಗೈತ್ರಿ ಕಾಕಾ?"

ಅವರು ಅವಸರ ಮಾಡಲಿಲ್ಲ. "ಹಾಸು ಬ್ಯಾರೆ ಕಾಣತೈತಿ, ಹೊಕ್ಕು ಬ್ಯಾರೆ ಕಾಣತೈತಿ" ಎಂದರು. "ಒಂದೊಂದು ಎಳಿ ಎಣಿಸಬಹುದು. ಆದ್ರ ಬೆಳಕಿಗೆ ಹಿಡಿದ್ರ ಎಲ್ಲೂ ತೂತಿಲ್ಲ. ಬಟ್ಟಿ ಆಗೇತಿ." ಆಮೇಲೆ ಮಗನಿಗೆ, "ತಗೋಲೇ ಕೀಲಿ. ಯಾರ ದಾರಿ ಕಾಯಾಕತ್ತಿ?" ಎಂದರು.

ಆ ಬೆಳಿಗ್ಗೆ ಕೊನೆಗೆ ಡಾಕ್ಟರು ಅವರ ಮಂಡಿ ನೋಡಿದರು, ಹಾಡು ನಿಲ್ಲಿಸದೆ.

ನಾನು ಅದೇ ದಿನ ಲೇಖನ ಬರೆದು ಕಳಿಸಿದೆ. ಸೋಮವಾರ ಹುಬ್ಬಳ್ಳಿಯಿಂದ ಫೋನು.

"ಈ ಹಾಸು ಹೊಕ್ಕಿನ ಮಾತು ಯಾರದು?"

"ನಾಗಪ್ಪ ಅಂತ್ರಿ, ಇಳಕಲ್ ನೇಕಾರ್ರು."

"ಅವರು ಅಂದಾರ?"

"ನನ್ನ ಮುಂದ ಅಂದಾರ್ರಿ."

"ಹಾಕ್ರಿ" ಎಂದರು. ಸ್ವಲ್ಪ ತಡೆದು, "ತಂತಿ ತಪ್ಪು ಕಟ್ಟಿದಾಂವ ಯಾರು ಅಂತ ಬರದಿಲ್ಲ?" ಎಂದು ಕೇಳಿದರು. ಹೇಳಿದೆ. "ಅದನ್ನೂ ಹಾಕ್ರಿ, ಹೆಸರು ಸಮೇತ."

ಭಾನುವಾರ ಎರಡೂ ಬಂದವು. ನಾಗಪ್ಪಕಾಕಾರ ಮಾತು ಪೂರ್ತಿ, ನನ್ನ ತಪ್ಪು ಒಂದು ಸಾಲು. ಉಳಿದದ್ದನ್ನೆಲ್ಲ ಡೆಸ್ಕಿನವರು ತೆಗೆದಿದ್ದರು. ನಾನು ಬರೆದವುಗಳಲ್ಲಿ ಓದುಗರು ಕತ್ತರಿಸಿ ಇಟ್ಟುಕೊಂಡ ಬರಹ ಅದೊಂದೇ ಎಂದು ನನಗೆ ಖಚಿತವಾಗಿ ಗೊತ್ತು. ಇಳಕಲ್ಲಿನಲ್ಲಿ ಮೂರು ಮನೆಗಳ ಗೋಡೆಯ ಮೇಲೆ ಕಂಡಿದ್ದೇನೆ.

ಶ್ರೀಶೈಲ ಅದರ ಮರುವಾರ ನವನಗರಕ್ಕೆ ಬಂದ. ಅರ್ಧಕ್ಕೆ ನಿಂತಿದ್ದ ಸೀರೆಯನ್ನು ನಾಗಪ್ಪಕಾಕಾ ಮುಗಿಸಿದರು. 2006ರಲ್ಲಿ ಹಿಂದಿನ ಖೋಲಿ ಸಾಲದೆ ಪಕ್ಕದ ಮಳಿಗೆಯನ್ನೂ ಶ್ರೀಶೈಲ, ಮಹಾಂತೇಶ ಸೇರಿ ತೆಗೆದುಕೊಂಡರು. ಕಳೆದ ಗುರುವಾರ ನಾನು ಹೋದಾಗ ಶ್ರೀಶೈಲನ ಬೆಂಚಿನ ಮೇಲೆ ಒಂಬತ್ತು ಆಂಪ್ಲಿಫೈಯರುಗಳಿದ್ದವು. ಒಂದು ಸೊಲ್ಲಾಪುರದಿಂದ ಬಂದದ್ದು, ಶನಿವಾರ ಒಯ್ಯಲು ಬರುತ್ತಾರಂತೆ.